ಚಿಕ್ಕವ್ವನ ಕೈ

ಹುಬ್ಬಳ್ಳಿ, 11 ಫೆಬ್ರವರಿ 2025, ಮಂಗಳವಾರ

ಇವತ್ತು ಚಿಕ್ಕವ್ವನ ಬಲಗೈ ಪ್ಲಾಸ್ಟರ್ ಬಿಚ್ಚಿದರು. ಆಪರೇಷನ್ ಆಗಿ ಸರಿಯಾಗಿ ಮೂರು ವಾರ. ಚರ್ಮ ಒಣಗಿ ಹೊಟ್ಟಿನ ಹಾಗೆ ಉದುರುತ್ತಿತ್ತು. ಅಂಗೈಯಲ್ಲಿ ಹೊಲಿಗೆಯ ಗುರುತು. ನಾನು ಮಾತ್ರ ಬೆರಳುಗಳನ್ನೇ ನೋಡುತ್ತಿದ್ದೆ. ನಾಲ್ಕು ವರ್ಷದಿಂದ ಕೊಕ್ಕೆಯ ಹಾಗೆ ಮಡಚಿಕೊಂಡಿದ್ದವು. ಈಗ ನೆಟ್ಟಗಿವೆ.

ಚಿಕ್ಕವ್ವ ಏನೂ ಮಾತಾಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು ಕೂತಳು, ಯಾರದೋ ಕೂಸನ್ನು ಎತ್ತಿಕೊಂಡ ಹಾಗೆ.

ಅವಳ ಊರು ಬ್ಯಾಡಗಿ ಹತ್ತಿರ. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನವಿಡೀ ತೊಟ್ಟು ಬಿಡಿಸಿದ ಕೈ ರಾತ್ರಿ ಉರಿಯುತ್ತದೆ. ಹೆಂಗಸರು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಚಿಕ್ಕವ್ವನಿಗೆ ಮಾತ್ರ ಉರಿಯುತ್ತಿರಲಿಲ್ಲ. "ಪುಣ್ಯವಂತಿ ನೋಡವಾ ನೀ, ನಿನ್ನ ಕೈಗೆ ಉರೀನ ಇಲ್ಲ" ಅಂತ ಜೊತೆಯವರು ಅನ್ನುತ್ತಿದ್ದರಂತೆ. ನರ ಸಾಯುತ್ತಿತ್ತು. ಅದು ನಮಗ್ಯಾರಿಗೂ ಹೊಳೆಯಲಿಲ್ಲ.

ಮೊಣಕೈ ಮೇಲೆ ತಿಳಿ ಬಣ್ಣದ ಮಚ್ಚೆ ಇತ್ತು. ಒಬ್ಬ ಡಾಕ್ಟರು ಹುಳುಕಡ್ಡಿ ಅಂದು ಮುಲಾಮು ಕೊಟ್ಟರು. ಮಚ್ಚೆ ಮೇಲೆ ಹತ್ತಿ ಎಳೆ ತಾಗಿಸಿ, "ಗೊತ್ತಾಗತೈತೇನು?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಂದೂವರೆ ವರ್ಷ ಆ ಮುಲಾಮಿನಲ್ಲೇ ಹೋಯಿತು. ನರಕ್ಕೆ ಪೆಟ್ಟಾಗಿ ಆರು ತಿಂಗಳ ಒಳಗೆ ಬಂದರೆ ಸ್ಟಿರಾಯ್ಡ್ ಗುಳಿಗೆಯಲ್ಲೇ ನರ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಇದು ನೆನಪಾದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಕುಷ್ಠ ಅಂತ ಗೊತ್ತಾಯಿತು. ಎಂಡಿಟಿ, ಅಂದರೆ ಹಲವು ಔಷಧಿ ಒಟ್ಟಿಗೆ ಕೊಡುವ ಗುಳಿಗೆ, 12 ತಿಂಗಳು, ಪೂರ್ತಿ ಉಚಿತ. ಗುಳಿಗೆಯಿಂದ ಮೈ ಕಪ್ಪಾಯಿತು, ಕೋರ್ಸ್ ಮುಗಿದ ಮೇಲೆ ನಿಧಾನವಾಗಿ ತಿಳಿಯಾಯಿತು. ಗುಳಿಗೆ ಶುರುವಾದ ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಅದೂ ಅಲ್ಲದೆ 100 ಜನರಲ್ಲಿ 95ಕ್ಕೂ ಹೆಚ್ಚು ಮಂದಿಯ ಮೈ ಈ ರೋಗವನ್ನು ತಾನೇ ತಡೆಯುತ್ತದೆ. ಇಷ್ಟೆಲ್ಲ ಆಶಾ ಕಾರ್ಯಕರ್ತೆ ಮನೆಗೇ ಬಂದು ಹೇಳಿ ಹೋಗಿದ್ದರು. ಆದರೂ ನಮ್ಮ ಮನೆಯಲ್ಲಿ ಅವಳ ತಾಟು, ಲೋಟ ಬೇರೆ ಇಟ್ಟಿದ್ದೆವು. ನಾನೂ ಇಟ್ಟಿದ್ದೆ. ಇದನ್ನು ಇಲ್ಲಿ ಬರೆಯದೆ ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಗುಳಿಗೆ ರೋಗ ಕಳೆಯಿತು, ಆದರೆ ಮಡಚಿದ ಬೆರಳು ಹಾಗೇ ಉಳಿಯಿತು. ಆಪರೇಷನ್ ಮಾಡಿಸಿದರೆ ಬಿಚ್ಚುತ್ತದೆ ಅಂತ ಗೊತ್ತಾಗಿದ್ದು ಹೋದ ವರ್ಷ. ನರದಲ್ಲಿ ನೋವು, ಬಾವು ಏನೂ ಉಳಿದಿಲ್ಲ ಅಂತ ತಿಂಗಳುಗಟ್ಟಲೆ ನೋಡಿ ಆಮೇಲೆ ಒಪ್ಪಿದರು. ಅದಕ್ಕೂ ಮೊದಲು ಬಿಸಿ ಮೇಣದ ಚಿಕಿತ್ಸೆ, ಎಣ್ಣೆ ಹಚ್ಚಿ ತಿಕ್ಕಿ ಬೆರಳು ಸಡಿಲ ಮಾಡುವುದು. ಕೀಲು ಬಿರುಸಾಗಿದ್ದರೆ ಆಪರೇಷನ್ ಮಾಡಿದರೂ ಉಪಯೋಗವಿಲ್ಲವಂತೆ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಒಂದೊಂದು ಬೆರಳು ಮಡಚಲು ಎರಡೆರಡು ದಾರ ಇರುತ್ತವೆ, ಟೆಂಡನ್ ಅನ್ನುತ್ತಾರೆ. ನಡುಬೆರಳಿನ ಎರಡರಲ್ಲಿ ಒಂದನ್ನು ತೆಗೆದು, ನಾಲ್ಕು ಎಳೆ ಸೀಳಿ, ನಾಲ್ಕೂ ಬೆರಳಿಗೆ ಒಂದೊಂದು ಹೊಲಿದಿದ್ದಾರೆ. ಸತ್ತ ನರದ ಕೆಲಸವನ್ನು ಬದುಕಿರುವ ನರದ ಸ್ನಾಯುವಿಗೆ ವಹಿಸಿದ ಹಾಗೆ. ಹೆಬ್ಬೆರಳಿಗೆ ಮುಂದೆ ಇನ್ನೊಂದು ಆಪರೇಷನ್ ಇದೆ. ಕೂಲಿ ತಪ್ಪುತ್ತದೆ ಅಂತ ಸರಕಾರ ಕಂತಿನಲ್ಲಿ 12,000 ರೂಪಾಯಿ ಕೊಡುತ್ತದೆ.

ಈ ದಾರಿ ತೆರೆದವರಲ್ಲಿ ಮೊದಲಿಗರು ಸರ್ಜನ್ ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1948ರಲ್ಲಿ ವೆಲ್ಲೂರಿನಲ್ಲಿ ಕುಷ್ಠ ರೋಗಿಯ ಕೈಗೆ ಇಂಥ ಆಪರೇಷನ್ ಮಾಡಿದರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಬೆರಳು ಹೋಗುವುದು ನೋವೇ ಗೊತ್ತಾಗದೆ ಆಗುವ ಗಾಯದಿಂದ ಅಂತ ಅವರು ಕಂಡುಕೊಂಡರು. ಮಲಗಿದ್ದವರ ಬೆರಳನ್ನು ರಾತ್ರಿ ಇಲಿ ಕಡಿದರೂ ಎಚ್ಚರವಾಗುತ್ತಿರಲಿಲ್ಲವಂತೆ.

ಇವತ್ತು ಫಿಸಿಯೋಥೆರಪಿಸ್ಟ್ ಮೇಡಂ, "ಅಮ್ಮಾರ, ಬರೇ ನಡುಬೆರಳು ಮಡಚಬೇಕು ಅಂತ ಮನಸಿನಾಗ ಅಂದುಕೋರಿ" ಅಂದರು. ಚಿಕ್ಕವ್ವ ಕಣ್ಣು ಮುಚ್ಚಿದಳು. ನಾಲ್ಕೂ ಬೆರಳು ಬುಡದಲ್ಲಿ ಒಟ್ಟಿಗೇ ಬಾಗಿದವು. ಅಷ್ಟೇ, ಒಂದಿಷ್ಟೇ. "ಯವ್ವಾ, ಬಾಗಿದ್ವಲ್ಲ!" ಅಂದಳು.

ದಿನಕ್ಕೆ ಇಷ್ಟು ಸಲ ಅಂತ ವ್ಯಾಯಾಮ. ಉಳಿದ ಹೊತ್ತು, ರಾತ್ರಿ, ಅರ್ಧ ಪ್ಲಾಸ್ಟರ್ ಕಟ್ಟಿಕೊಳ್ಳಬೇಕು. ರೊಟ್ಟಿ ಬಡಿಯುವುದು ಇನ್ನೂ ಕೆಲವು ತಿಂಗಳು ಬೇಡ ಅಂದರು. ಅದಕ್ಕೆ ಸ್ವಲ್ಪ ಮುಖ ಸಣ್ಣದಾಯಿತು. ಮೇಡಂ ಇನ್ನೊಂದು ಮಾತನ್ನು ಎರಡು ಸಲ ಹೇಳಿದರು: "ಕೈ ಬಿಚ್ಚೈತಿ, ಆದರ ಸ್ಪರ್ಶ ಬಂದಿಲ್ಲ. ಬರೂದಿಲ್ಲ. ಬಿಸಿ ಮುಟ್ಟಬ್ಯಾಡ್ರಿ. ದಿನಾ ಕೈ ನೋಡಿಕೋಬೇಕು."

ನಾನು ಕೇಳಿಸಿಕೊಂಡೆ. ತಲೆಯನ್ನೂ ಆಡಿಸಿದೆ.

ಸಂಜೆ ಮನೆಯಲ್ಲಿ ಚಹಾ ಮಾಡಿದೆ. ಅವಳ ಬೇರೆ ಲೋಟ ತೆಗೆಯಲಿಲ್ಲ, ನನ್ನ ಸ್ಟೀಲ್ ಲೋಟದಲ್ಲೇ ಕೊಟ್ಟೆ. ಅವಳು ಬಲಗೈ ಚಾಚಿದಳು. ಮಡಚಿದ ಕೈಗೆ ಲೋಟ ಸುತ್ತುವರಿಯಲು ಬರುತ್ತಿರಲಿಲ್ಲ, ಎರಡು ಮಣಿಕಟ್ಟಿನ ನಡುವೆ ಒತ್ತಿ ಹಿಡಿಯುತ್ತಿದ್ದಳು. ಇವತ್ತು ಬೆರಳು ಲೋಟದ ಸುತ್ತ ಹೋದವು. ಎಡಗೈ ಕೆಳಗೆ ಆಸರೆ. ನನಗೆ ಕಣ್ಣು ತುಂಬಿ ಬಂತು. ಅವಳು ಹಾಗೇ ಹಿಡಿದುಕೊಂಡೇ ಕೂತಿದ್ದಳು, ಚಹಾ ಕುಡಿಯುವುದನ್ನೂ ಬಿಟ್ಟು.

ರಾತ್ರಿ ಪಟ್ಟಿ ಕಟ್ಟುವ ಮೊದಲು, "ಕನ್ನಡಕ ಊರಾಗ ಬಿಟ್ಟು ಬಂದೇನಿ, ನೀನ ನೋಡು" ಅಂತ ಕೈಯನ್ನು ನನ್ನ ತೊಡೆ ಮೇಲೆ ಇಟ್ಟಳು. ದೀಪದ ಕೆಳಗೆ ಹಿಡಿದು ನೋಡಿದೆ. ಕಿರುಬೆರಳಿನ ತುದಿಯಲ್ಲಿ, ಉಂಗುರ ಬೆರಳಿನ ತುದಿಯಲ್ಲಿ ನೀರುಗುಳ್ಳೆ ಎದ್ದಿದ್ದವು.

"ಏನೈತಿ?" ಅಂದಳು.

ನಾನು ಹೇಳಿದೆ. ಅವಳು ಬೈಯಲಿಲ್ಲ. "ಹೌದಾ?" ಅಂದಳು. ಆಮೇಲೆ, "ಹೋಗಲಿ ಬಿಡ, ನಾಳೆ ಅವರಿಗೆ ತೋರಸೂಣು" ಅಂದಳು. ಗುಳ್ಳೆ ಒಡೆಯದ ಹಾಗೆ ತಣ್ಣೀರು ಹಾಕಿ, ಶುಭ್ರ ಬಟ್ಟೆ ಸಡಿಲವಾಗಿ ಸುತ್ತಿದ್ದೇನೆ.

ನಾಳೆ ಬೆಳಗ್ಗೆ ಮೊದಲು ಆಸ್ಪತ್ರೆ. ಬರುವಾಗ ದುರ್ಗದಬೈಲಿನಲ್ಲಿ ಹಿಡಿಕೆ ಇರುವ ದಪ್ಪ ಚಹಾ ಕಪ್ ತರಬೇಕು. ಎರಡು. ಒಂದು ಅವಳಿಗೆ, ಅಂಥದ್ದೇ ಇನ್ನೊಂದು ನನಗೆ.