ಹಗುರ ಲಿನಕ್ಸ್ ಕೆಲಸದ ದಿನಚರಿ: ಬೇರೆ ಮನೆ ಹೂಡುವ ಮುನ್ನ

ಈ ಸಲದ ದೊಡ್ಡ ಸುದ್ದಿ ಏನಪ್ಪಾ ಅಂದರೆ, ಹಳೇ ಕಂಪ್ಯೂಟರುಗಳಿಗೆ ನಾನು ಕಟ್ಟುವ ಕನ್ನಡದ ಹಗುರ ಲಿನಕ್ಸ್‌ನ ಐಎಸ್‌ಒ (ಪೆನ್‌ಡ್ರೈವಿಗೆ ಹಾಕಿ ಇನ್‌ಸ್ಟಾಲ್ ಮಾಡುವ ಕಡತ) ಈಗ ಕೈಯಿಂದ ತಯಾರಾಗುತ್ತಿಲ್ಲ, ಸ್ಕ್ರಿಪ್ಟಿನಿಂದ ತಯಾರಾಗುತ್ತಿದೆ. ಇಲ್ಲಿಯವರೆಗಿನ ಪದ್ಧತಿ ಬೇರೆ ಇತ್ತು. ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಹಾಕುವುದು, ಬೇಡದ್ದನ್ನು ಕಿತ್ತು ಕನ್ನಡದ ಫಾಂಟು, ಕೀಲಿಮಣೆ ಸೇರಿಸುವುದು, ಅದರ ಜೊತೆಗೇ ಬರುವ ಸ್ನ್ಯಾಪ್‌ಶಾಟ್ ಸಾಧನದಿಂದ ಇಡೀ ವ್ಯವಸ್ಥೆಯನ್ನು ಐಎಸ್‌ಒ ಮಾಡಿ, ಕೇಳಿದವರಿಗೆ ಪೆನ್‌ಡ್ರೈವಿನಲ್ಲಿ ಕೊಡುವುದು. ಹನುಮಂತನಗರ, ಚಾಮರಾಜಪೇಟೆ ಕಡೆ ಒಂದಷ್ಟು ಮನೆಗಳಲ್ಲಿ, ವಿಜಯನಗರದ ಒಂದು ಓದುವ ಕೊಠಡಿಯಲ್ಲಿ ಅದು ಓಡುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಕೇಳುವವರು ಹೆಚ್ಚಾದರು. ಎಸ್.ಪಿ. ರಸ್ತೆಯಲ್ಲಿ ನಾನು ಯಾವಾಗಲೂ ರ‍್ಯಾಮ್ ಕೊಳ್ಳುವ ಅಂಗಡಿಯವರೇ ಈಗ ಗಿರಾಕಿಗಳಿಗೆ ಹೇಳುತ್ತಾರೆ: "ಹನ್ನೊಂದು ಇದಕ್ಕೆ ಬರಲ್ಲ ಸಾರ್. ಒಂದು ಎಸ್‌ಎಸ್‌ಡಿ ಹಾಕಿಸ್ಕೊಳಿ, ಲಿನಕ್ಸ್ ಹಾಕೋರು ಒಬ್ರು ಇದಾರೆ."

ಹೀಗೆ ನಾಲ್ಕು ಜನರ ಬಾಯಿಗೆ ಬಿದ್ದ ಮೇಲೆ ಪ್ರಶ್ನೆ ಹುಟ್ಟಿತು. ಇದನ್ನು ಬೇರೆಯೇ ಡಿಸ್ಟ್ರೊ (ಲಿನಕ್ಸ್‌ನ ಒಂದು ಪೂರ್ಣ ರೂಪ) ಅಂತ ಹೆಸರಿಟ್ಟು ಹೊರಗೆ ತರಬಾರದೇಕೆ? ಡಿಸ್ಟ್ರೊಗಳನ್ನು ಪಟ್ಟಿ ಮಾಡುವ ಡಿಸ್ಟ್ರೊವಾಚ್ ತಾಣದ ಪಟ್ಟಿಗೆ ಕಳಿಸಬಾರದೇಕೆ? ನನ್ನ ಉತ್ತರ, ಆಗ ಇದ್ದ ಸ್ಥಿತಿಯಲ್ಲಿ, ಬೇಡ ಅಂತಲೇ. ವಾಲ್‌ಪೇಪರ್, ಮೆನು, ಫಾಂಟು ಬದಲಾಯಿಸಿ ಹೊಸ ಡಿಸ್ಟ್ರೊ ಅನ್ನುವುದು ಬಾಡಿಗೆ ಮನೆಗೆ ಸುಣ್ಣ ಬಳಿದು ಗೃಹಪ್ರವೇಶ ಮಾಡಿದ ಹಾಗೆ. ಡಿಸ್ಟ್ರೊವಾಚ್‌ನ ಕ್ರಮಾಂಕವನ್ನೂ ಜನ ವಿಪರೀತ ನೆಚ್ಚುತ್ತಾರೆ. ಅದು ಎಣಿಸುವುದು ಆ ಡಿಸ್ಟ್ರೊದ ಪುಟವನ್ನು ಎಷ್ಟು ಮಂದಿ ತೆರೆದು ನೋಡಿದರು ಅನ್ನುವುದನ್ನು, ಎಷ್ಟು ಮಂದಿ ಬಳಸುತ್ತಾರೆ ಅನ್ನುವುದನ್ನಲ್ಲ.

ಬೇರೆ ಮನೆ ಹೂಡಿ ಬಾಳಿದವರ ಕತೆ ನೋಡಿದೆ. ಹಾಂಗ್ ಜೆನ್ ಯೀ 2006ರಲ್ಲಿ ಶುರುಮಾಡಿದ ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್ ಮೇಲೆ ಆಗ ನಿಂತಿದ್ದ ಲುಬುಂಟು, ಉಬುಂಟು ಕುಟುಂಬದ ಅಧಿಕೃತ ಸದಸ್ಯ ಆಗಿದ್ದು 2011ರ 11.10ರಲ್ಲಿ. ಅಲ್ಲಿಯವರೆಗೆ ಅದು ಅಂಗಳದಲ್ಲೇ ನಿಂತಿತ್ತು. ಆಂಟಿಎಕ್ಸ್ ಮೊದಲು ಮೆಪಿಸ್ ಎಂಬ ಡಿಸ್ಟ್ರೊದ ಹಗುರ ರೂಪ ಅಷ್ಟೇ. ಮೆಪಿಸ್ ಸೊರಗಿತು, ಆಂಟಿಎಕ್ಸ್ ಡೆಬಿಯನ್ ಎಂಬ ಮೂಲ ಡಿಸ್ಟ್ರೊ ಮೇಲೆ ತಾನೇ ನಿಂತಿತು, 2014ರಲ್ಲಿ ಮೆಪಿಸ್ ಬಳಗದವರೊಂದಿಗೆ ಕೂಡಿ ಎಂಎಕ್ಸ್ ಲಿನಕ್ಸ್‌ಗೂ ಜನ್ಮ ಕೊಟ್ಟಿತು. ಡ್ಯಾಮ್ ಸ್ಮಾಲ್ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಶಿಂಗಲ್‌ಡೆಕರ್ ಅಲ್ಲಿಂದ ಹೊರಬಂದು ಟೈನಿ ಕೋರ್ ಕಟ್ಟಿದರು. ಅದು ಯಾವುದರ ಮರಿಯೂ ಅಲ್ಲ, ನಿಜಕ್ಕೂ ಸ್ವತಂತ್ರ. ಕ್ರಂಚ್‌ಬ್ಯಾಂಗ್‌ನದು ನನಗೆ ಬಹಳ ಮುಖ್ಯವಾದ ಕತೆ. ಫಿಲಿಪ್ ನ್ಯೂಬರೊ ಒಬ್ಬರೇ ನಡೆಸುತ್ತಿದ್ದ ಅದು ಮೊದಲು ಉಬುಂಟು ಮೇಲಿತ್ತು, ಆಮೇಲೆ ಡೆಬಿಯನ್‌ಗೆ ಬಂತು, 2015ರ ಫೆಬ್ರವರಿಯಲ್ಲಿ ಅವರು ನಿಲ್ಲಿಸಿಬಿಟ್ಟರು. ನೇರ ಡೆಬಿಯನ್ನೇ ಈಗ ಸಾಕಷ್ಟು ಚೆನ್ನಾಗಿದೆ ಅನ್ನುವುದು ಅವರ ನಿಲುವು. ಬಳಗ ಗಟ್ಟಿಯಿದ್ದದ್ದರಿಂದ ಅದರ ಬೂದಿಯಿಂದ ಬನ್ಸನ್‌ಲ್ಯಾಬ್ಸ್ ಎದ್ದಿತು.

ಇವನ್ನೆಲ್ಲ ನೋಡಿ ನಾನು ಹಾಕಿಕೊಂಡ ಅಳತೆಗೋಲು ಒಂದೇ: ನಾನಿಲ್ಲದೆಯೂ ಇನ್ನೊಬ್ಬರು ಇದನ್ನು ಮೊದಲಿನಿಂದ ಕಟ್ಟಿ, ಡಿಜಿಟಲ್ ಸಹಿ ಹಾಕಿ, ಹೊರಗೆ ಬಿಡಲು ಆಗಬೇಕು. ಅಲ್ಲಿಯವರೆಗೆ ಹೆಸರೂ ಇಲ್ಲ, ಘೋಷಣೆಯೂ ಇಲ್ಲ.

ಬುನಾದಿ

ಡೆಬಿಯನ್‌ನ ಮರಿಯಾದ ಆಂಟಿಎಕ್ಸ್‌ಗೆ ಮರಿ ಆಗಿರುವುದನ್ನು ಬಿಟ್ಟು ನೇರವಾಗಿ ಡೆಬಿಯನ್ 13ಕ್ಕೆ ಬಂದೆ. ಕಟ್ಟುವುದು ಲೈವ್-ಬಿಲ್ಡ್ ಎಂಬ ಸಾಧನದಿಂದ. ಪ್ಯಾಕೇಜುಗಳ ಪಟ್ಟಿ ಈಗ ಒಂದು ಪಠ್ಯ ಕಡತ, ಸೆಟಿಂಗ್‌ಗಳು ಒಂದು ಫೋಲ್ಡರ್, ಎಲ್ಲವೂ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ. ಮೊದಲು ಯಾವ ಲ್ಯಾಪ್‌ಟಾಪಿನಲ್ಲಿ ಏನು ತಿದ್ದಿದ್ದೆ ಅನ್ನುವುದು ನನ್ನ ತಲೆಯಲ್ಲಿ ಮಾತ್ರ ಇರುತ್ತಿತ್ತು.

ಐಎಸ್‌ಒ ಒಳಗಿನ ಕಡತಗಳನ್ನು ಒತ್ತಿ ಚಿಕ್ಕದು ಮಾಡಲು (ಸ್ಕ್ವಾಶ್‌ಎಫ್‌ಎಸ್) ಎಕ್ಸ್‌ಝಡ್ ವಿಧಾನ ಬಿಟ್ಟು ಝಡ್‌ಸ್ಟ್ಯಾಂಡರ್ಡ್ ಹಿಡಿದೆ. ಐಎಸ್‌ಒ ಸ್ವಲ್ಪ ದಪ್ಪ ಆಯಿತು, ಆದರೆ ಹಳೇ ಕೋರ್ 2 ಡ್ಯುಯೊ ಯಂತ್ರದಲ್ಲಿ ಲೈವ್ ಬೂಟ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ) ಆಗುವಾಗ ಬಿಚ್ಚುವ ಕೆಲಸ ಹಗುರ. ಐಎಸ್‌ಒ ಎಷ್ಟು ಎಂಬಿ ಅಂತ ಜಂಬ ಕೊಚ್ಚಿಕೊಳ್ಳುವುದರಲ್ಲಿ ನನಗೆ ಆಸಕ್ತಿ ಹೋಗಿದೆ. ಖಾಲಿ ಡೆಸ್ಕ್‌ಟಾಪ್ ಎಷ್ಟು ರ‍್ಯಾಮ್ ತಿನ್ನುತ್ತದೆ ಅನ್ನುವುದೂ ಅಷ್ಟೇ; ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದ ಕೂಡಲೇ ಆ ಉಳಿತಾಯವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಝಡ್‌ರ‍್ಯಾಮ್ ಮೊದಲಿನಿಂದಲೇ ಚಾಲೂ. ರ‍್ಯಾಮಿನ ಒಂದು ಭಾಗವನ್ನೇ ಒತ್ತಿ ಸ್ವ್ಯಾಪ್ ಆಗಿ ಬಳಸುವುದರಿಂದ 2 ಜಿಬಿ ಯಂತ್ರ ಡಿಸ್ಕನ್ನು ಕೆರೆಯುತ್ತ ಕೂರುವುದು ತಪ್ಪಿತು. ಜೊತೆಗೆ ಅರ್ಲಿಊಮ್: ಮೆಮೊರಿ ಬರಿದಾಗಿ ಯಂತ್ರ ಕಲ್ಲಾಗುವ ಮೊದಲೇ ಅತಿ ತಿನ್ನುವ ಪ್ರೋಗ್ರಾಮನ್ನು ಮುಗಿಸುತ್ತದೆ.

32-ಬಿಟ್ ಕೈಬಿಟ್ಟೆ. ಆಟಮ್ ಎನ್270 ಇರುವ ನೆಟ್‌ಬುಕ್ಕುಗಳನ್ನು ಹಿಡಿದು ಬಂದವರಿಗೆ ಬೇಸರವಾಗಿದೆ, ಗೊತ್ತು. ಆದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಐ386ಕ್ಕೆ, ಅಂದರೆ 32-ಬಿಟ್ ಯಂತ್ರಗಳಿಗೆ, ಇನ್‌ಸ್ಟಾಲರೂ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ. ಫೈರ್‌ಫಾಕ್ಸ್ ಕೂಡ 145ನೇ ಆವೃತ್ತಿಯಿಂದ 32-ಬಿಟ್ ಲಿನಕ್ಸನ್ನು ಬಿಟ್ಟಿದೆ. ಕರ್ನಲ್ ನಾನೇ ಕಟ್ಟಿ, ಭದ್ರತಾ ಪ್ಯಾಚ್ ನಾನೇ ಹಾಕಿ ಬದುಕಿಸುತ್ತೇನೆ ಅನ್ನುವ ಮಾತು ಆಡುವುದು ಸುಲಭ.

ಒತ್ತಕ್ಷರ

ಹೆಚ್ಚು ಸಮಯ ಹೋಗಿದ್ದು ಇಲ್ಲಿ, ಹೋಗಬೇಕಾದದ್ದೂ ಇಲ್ಲೇ.

ಹನುಮಂತನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಅತಿ ಕಟುವಾದ ಪರೀಕ್ಷಕರು. ದಿನಾ ಒಂದಿಷ್ಟು ಪುಟ ಟೈಪು ಮಾಡುವವರು. ಆರಂಭದ ಒಂದು ಪ್ರಯೋಗದಲ್ಲಿ, ಎಲ್ಲವೂ ಹಗುರ ಇರಲಿ ಅಂತ ಎಫ್‌ಎಲ್‌ಟಿಕೆ 1.3 ಎಂಬ ಟೂಲ್‌ಕಿಟ್‌ನಲ್ಲಿ (ಕಿಟಕಿ, ಗುಂಡಿ ಬರೆಯುವ ಲೈಬ್ರರಿ) ಬರೆದ ಪುಟ್ಟ ಪ್ರೋಗ್ರಾಮುಗಳನ್ನೇ ಆರಿಸಿದ್ದೆ. ಮೇಷ್ಟ್ರು ತೆರೆದು ನೋಡಿ, "ಏನಯ್ಯಾ ಇದು, ನಿನ್ನ ಕಂಪ್ಯೂಟರು ಒತ್ತಕ್ಷರ ನುಂಗ್ತದಲ್ಲ" ಅಂದರು.

ನುಂಗಿರಲಿಲ್ಲ, ಬಿಡಿಬಿಡಿಯಾಗಿ ಉಗುಳಿತ್ತು. 'ಅಕ್ಷರ' ಅನ್ನುವಲ್ಲಿ ಕ, ಅದರ ಪಕ್ಕ ಹಲಂತ, ಆಮೇಲೆ ದೊಡ್ಡ ಷ. ಯೂನಿಕೋಡ್ ಕನ್ನಡವನ್ನು ಇಟ್ಟುಕೊಳ್ಳುವುದೇ ಹಾಗೆ: ಕ, ಹಲಂತ, ಷ ಮೂರು ಬೇರೆ ಬೇರೆ ಸಂಕೇತ. ಅವನ್ನು ಸೇರಿಸಿ 'ಕ್ಷ' ಮಾಡುವ ನಿಯಮಗಳು ಫಾಂಟಿನೊಳಗಿನ ಕೋಷ್ಟಕಗಳಲ್ಲಿರುತ್ತವೆ, ಆ ನಿಯಮ ಓದಿ ನಡೆಸುವುದು ಹಾರ್ಫ್‌ಬಜ್ ಥರದ ಎಂಜಿನ್. ಜಿಟಿಕೆ ಎಂಬ ಟೂಲ್‌ಕಿಟ್ ಪ್ಯಾಂಗೊ ಎಂಬ ಲೈಬ್ರರಿ ಮೂಲಕ ಅದನ್ನು ಕರೆಯುತ್ತದೆ, ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್ಟೂ ಬಳಸುತ್ತದೆ. ಎಕ್ಸ್‌ಎಫ್‌ಟಿ ಎಂಬ ಸರಳ ಫಾಂಟ್ ಲೈಬ್ರರಿಯನ್ನು ಮಾತ್ರ ನೆಚ್ಚಿಕೊಂಡ ಪ್ರೋಗ್ರಾಮುಗಳು ಕರೆಯುವುದಿಲ್ಲ. ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಬರೆದು ಮುಗಿಸುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಹಗುರ ಅನ್ನುವ ಹೆಸರಿನಲ್ಲಿ ಮೊದಲು ಕಿತ್ತು ಬಿಸಾಡುವುದು ನಮ್ಮ ಲಿಪಿಗೆ ಬೇಕಾದ ಭಾಗವನ್ನೇ.

ಆದ್ದರಿಂದ ಈಗಿನ ನಿಯಮ: ಪ್ಯಾಂಗೊ ಇಲ್ಲವೇ ಹಾರ್ಫ್‌ಬಜ್ ಇಲ್ಲದ ಯಾವುದಕ್ಕೂ ಡೆಸ್ಕ್‌ಟಾಪಿನಲ್ಲಿ ಜಾಗವಿಲ್ಲ. ಓಪನ್‌ಬಾಕ್ಸ್ ಕಿಟಕಿಯ ಶೀರ್ಷಿಕೆಯನ್ನು ಪ್ಯಾಂಗೊದಿಂದಲೇ ಬರೆಯುತ್ತದೆ, ಟಿಂಟ್2 ಪಟ್ಟಿಯೂ ಹಾಗೇ. ಇವೆರಡು, ಜೊತೆಗೆ ಕಡತ ನೋಡುವ ಪಿಸಿಮ್ಯಾನ್‌ಎಫ್‌ಎಂ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಹೋಯಿತು. ಫಾಂಟುಗಳಲ್ಲಿ ಲೋಹಿತ್ ಕನ್ನಡ, ನೋಟೊ ಸಾನ್ಸ್, ಗುಬ್ಬಿ, ನವಿಲು. ಕೊನೆಯ ಎರಡು ಡೆಬಿಯನ್ ರೆಪೊದಲ್ಲೇ (ಪ್ಯಾಕೇಜುಗಳ ಭಂಡಾರ) ಸಿಗುತ್ತವೆ ಅನ್ನುವುದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ.

ಕೀಲಿಮಣೆಯಲ್ಲೂ ಇಂಥದ್ದೇ ಕತೆ. ಲಿನಕ್ಸ್‌ನ ಮೂಲ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಇದೆ, ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಗ್ರಾಮ್ ಓಡಬೇಕಿಲ್ಲ, ಮೆಮೊರಿ ಖರ್ಚೇ ಇಲ್ಲ. ಆದರೆ ಅದಕ್ಕೆ ಹಿಂದಿನ ಅಕ್ಷರ ಯಾವುದು ಅನ್ನುವ ನೆನಪಿಲ್ಲ. ಇಂಗ್ಲಿಷಿನ ಐ ಕೀಲಿ ಒತ್ತಿದರೆ ಯಾವಾಗಲೂ ಗುಡಿಸು ಬರುತ್ತದೆ. 'ಇ' ಬೇಕಿದ್ದರೆ ಬಲಗಡೆಯ ಆಲ್ಟ್ ಹಿಡಿಯಬೇಕು. ಕೆ.ಪಿ. ರಾಯರ ವಿನ್ಯಾಸವನ್ನು ನುಡಿ ತಂತ್ರಾಂಶದಲ್ಲಿ ಬಳಸಿ ಬೆರಳು ಪಳಗಿದವರಿಗೆ ಇದು ಶಿಕ್ಷೆ. ನುಡಿಯಲ್ಲಿ ವ್ಯಂಜನದ ನಂತರ ಒತ್ತಿದರೆ ಗುಣಿತ, ಪದದ ಮೊದಲಲ್ಲಿ ಒತ್ತಿದರೆ ಸ್ವರ, ಎಫ್ ಒತ್ತಿದರೆ ಒತ್ತು. ಮೇಷ್ಟ್ರು ಎರಡೇ ಸಾಲು ಟೈಪಿಸಿ ಕನ್ನಡಕ ತೆಗೆದಿಟ್ಟರು. ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಮ್ ಜೊತೆ ಎಂ17ಎನ್ ಸಂಗ್ರಹದ ಕೆಜಿಪಿ (ಅದೇ ಕಗಪ) ವಿನ್ಯಾಸ ಸೇರಿಸಿದೆ. ಒಂದಿಷ್ಟು ಮೆಮೊರಿ ಹೋಯಿತು, ಹೋಗಲಿ. ಕನ್ನಡ ಟೈಪಿಸಲು ಬಾರದ ಹಗುರ ಯಂತ್ರ ಇಟ್ಟುಕೊಂಡು ಏನು ಮಾಡುವುದು?

ಇನ್ನೊಂದು ಸ್ವಾರಸ್ಯ. ಡೆಬಿಯನ್ ಇನ್‌ಸ್ಟಾಲರಿಗೆ ಕನ್ನಡ ಅನುವಾದ ಇದೆ, ಆದರೆ ಗ್ರಾಫಿಕಲ್ ಇನ್‌ಸ್ಟಾಲರಿನಲ್ಲಿ ಮಾತ್ರ. ಪಠ್ಯ ರೂಪದ್ದರಲ್ಲಿ ಕನ್ನಡದ ಆಯ್ಕೆಯೇ ಕಾಣುವುದಿಲ್ಲ, ಯಾಕೆಂದರೆ ಕನ್ಸೋಲಿಗೆ ನಮ್ಮ ಲಿಪಿ ಬರೆಯಲು ಬರುವುದಿಲ್ಲ. ಹಾಗಾಗಿ ಬೂಟ್ ಮೆನುವಿನಲ್ಲಿ ಗ್ರಾಫಿಕಲ್ ಅನ್ನೇ ಮೊದಲಿಗೆ ಇಟ್ಟಿದ್ದೇನೆ.

ಮೂಲಕೋಡಿನ ಲೆಕ್ಕ

ಬಹಳ ಜನ ರೀಮಿಕ್ಸ್ ಮಾಡುವವರು ಈ ಭಾಗವನ್ನು ಹಾರಿಸುತ್ತಾರೆ. ಜಿಪಿಎಲ್ 2 ಎಂಬ ಮುಕ್ತ ತಂತ್ರಾಂಶದ ಪರವಾನಗಿ ಪ್ರಕಾರ ಬೈನರಿ (ಓಡಲು ಸಿದ್ಧವಾದ ಪ್ರೋಗ್ರಾಮ್) ಹಂಚಿದವರೇ ಮೂಲಕೋಡನ್ನೂ ಕೊಡಬೇಕು, ಅಥವಾ ಕನಿಷ್ಠ ಮೂರು ವರ್ಷ ಬಾಳುವ ಲಿಖಿತ ಭರವಸೆ ಕೊಡಬೇಕು. ಡೆಬಿಯನ್‌ನವರ ಸರ್ವರಿನಲ್ಲಿ ಇದೆಯಲ್ಲ, ಅಲ್ಲಿಂದ ತಗೊಳ್ಳಿ ಅಂದರೆ ನಡೆಯದು. 2006ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮೆಪಿಸ್‌ಗೆ ಇದನ್ನೇ ಹೇಳಿತ್ತು: ನೀವು ಮುಟ್ಟದ ಪ್ಯಾಕೇಜುಗಳ ಕೋಡನ್ನೂ ನೀವೇ ಒದಗಿಸಬೇಕು ಅಂತ. ಲಿನಕ್ಸ್ ಕರ್ನಲ್ ಇವತ್ತಿಗೂ ಜಿಪಿಎಲ್ 2 ಕೆಳಗೇ ಇದೆ. ಲೈವ್-ಬಿಲ್ಡ್‌ನಲ್ಲಿ ಮೂಲಕೋಡಿನ ಕಂತೆಯನ್ನೂ ಕಟ್ಟುವ ಆಯ್ಕೆ ಇದೆ, ಈಗ ಪ್ರತಿ ಐಎಸ್‌ಒ ಜೊತೆ ಅದನ್ನೂ ಕಟ್ಟಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಡುತ್ತಿದ್ದೇನೆ. ಐಎಸ್‌ಒಗಿಂತ ಹಲವು ಪಟ್ಟು ದೊಡ್ಡದು. ಪೆನ್‌ಡ್ರೈವ್ ಜೊತೆ ಕೊಡುವ ಚೀಟಿಯಲ್ಲಿ ಆ ಭರವಸೆಯ ಎರಡು ಸಾಲು ಸೇರಿದೆ.

ಎರಡನೇ ಕೈ

ರಾಜಾಜಿನಗರದ ಗೆಳತಿಯೊಬ್ಬಳು ತನ್ನ ಯಂತ್ರದಲ್ಲಿ ಗಿಟ್‌ನಿಂದ ಇಳಿಸಿಕೊಂಡು ಕಟ್ಟಿದಳು. ಐಎಸ್‌ಒ ಬೂಟ್ ಆಯಿತು. "ಆದ್ರೆ ಹ್ಯಾಶ್ ಬೇರೆ ಬರ್ತಿದೆ ಕಣೋ" ಅಂತ ಫೋನು. ಹ್ಯಾಶ್ ಅಂದರೆ ಕಡತದ ಬೆರಳಚ್ಚು ಇದ್ದ ಹಾಗೆ. ಒಂದೇ ಮೂಲದಿಂದ ಇಬ್ಬರು ಕಟ್ಟಿದರೆ ಬೈಟಿಗೆ ಬೈಟು ಹೊಂದಬೇಕು, ಇಲ್ಲವಾದರೆ ನನ್ನ ಸಹಿಯ ಹಿಂದೆ ಏನಿದೆ ಅಂತ ಅವಳು ಪರೀಕ್ಷಿಸುವುದು ಹೇಗೆ?

ಬಿಚ್ಚಿ ಹೋಲಿಸಿ ನೋಡಿದಾಗ ಕಳ್ಳರು ಒಬ್ಬೊಬ್ಬರಾಗಿ ಸಿಕ್ಕರು. ಕಡತಗಳ ಸಮಯಮುದ್ರೆ, ಮಷೀನ್-ಐಡಿ, ಫಾಂಟ್‌ಕಾನ್ಫಿಗ್‌ನ ಕ್ಯಾಶ್, ಏಪಿಟಿಯ ಲಾಗು. ಸಮಯಕ್ಕೆ ಸೋರ್ಸ್-ಡೇಟ್-ಎಪೊಕ್ ಸೆಟಿಂಗ್‌ನಿಂದ ಒಂದೇ ದಿನಾಂಕ ನಿಗದಿ ಮಾಡಿದೆವು, ಉಳಿದವನ್ನು ಕೊನೆಯ ಹಂತದಲ್ಲಿ ಅಳಿಸುವ ಹುಕ್ (ಪುಟ್ಟ ಸ್ಕ್ರಿಪ್ಟು) ಬರೆದಳು ಅವಳೇ. ಆಮೇಲೂ ಹೊಂದಲಿಲ್ಲ, ಏಕೆಂದರೆ ನಾನು ಕಟ್ಟಿದ ಮೇಲೆ ಡೆಬಿಯನ್ ಮಿರರಿನಲ್ಲಿ ಒಂದು ಭದ್ರತಾ ಅಪ್‌ಡೇಟ್ ಬಂದಿತ್ತು. ಡೆಬಿಯನ್ ತನ್ನ ಇಡೀ ಸಂಗ್ರಹದ ಹಳೆಯ ಸ್ಥಿತಿಗಳನ್ನು ದಿನಾಂಕ ಸಮೇತ ಕಾಪಿಟ್ಟಿರುವ ಸ್ನ್ಯಾಪ್‌ಶಾಟ್ ಸೇವೆ ಇದೆಯಲ್ಲ, ಇಬ್ಬರೂ ಅಲ್ಲಿನ ಒಂದೇ ಕ್ಷಣಕ್ಕೆ ಕೊಂಡಿ ಹಾಕಿದೆವು. ಎಸ್‌ಎಚ್‌ಎ-256 ಹ್ಯಾಶ್ ಎರಡೂ ಕಡೆ ಒಂದೇ ಬಂತು. ಅವಳು ಸ್ಕ್ರೀನ್‌ಶಾಟ್ ಕಳಿಸಿದಳು, ನಾನು ಮೊದಲ ಎಂಟು ಮತ್ತು ಕೊನೆಯ ಎಂಟು ಅಂಕೆ ನೋಡಿ ಸುಮ್ಮನಾಗದೆ ಪೂರ್ತಿ ಓದಿದೆ.

ನಮ್ಮದೇ ಪ್ಯಾಕೇಜುಗಳು ಬೆರಳೆಣಿಕೆಯಷ್ಟು: ಕನ್ನಡದ ಸೆಟಿಂಗ್, ಕೀಲಿಮಣೆಯ ಗುಂಡಿ, ಸ್ವಾಗತದ ಕಿಟಕಿ. ಅವುಗಳ ರೆಪೊ ರೆಪ್ರೆಪ್ರೊ ಎಂಬ ಸಾಧನದಲ್ಲಿ ನಡೆಯುತ್ತಿದೆ. ಸಹಿಯ ಕೀಲಿ ಈಗ ಇಬ್ಬರ ಹತ್ತಿರ ಬೇರೆ ಬೇರೆ ಇದೆ, ಬಳಕೆದಾರರ ಯಂತ್ರ ಎರಡನ್ನೂ ನಂಬುತ್ತದೆ.

ಬಾಕಿ ಉಳಿದಿದ್ದು: ಸ್ವಾಗತದ ಕಿಟಕಿಯ ಕನ್ನಡವನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದಾರೆ, ಅದನ್ನು ಸೇರಿಸಬೇಕು. ಓದುವ ಕೊಠಡಿಯ ಹಳೇ ಪ್ರಿಂಟರಿನ ಡ್ರೈವರ್ ನೋಡಬೇಕು. ಹೆಸರಿನ ಚರ್ಚೆ ನಡೆದಿದೆ, ಡೆಬಿಯನ್ ಅನ್ನುವ ಪದ ಹೆಸರೊಳಗೆ ಬರಬಾರದು ಅನ್ನುವುದಷ್ಟೇ ತೀರ್ಮಾನ ಆಗಿದೆ. ಮುಂದಿನ ಐಎಸ್‌ಒ ರಾಜಾಜಿನಗರದಿಂದ ಹೊರಬೀಳುತ್ತದೆ, ಸಹಿ ಅವಳದು. ನನ್ನ ಕೆಲಸ ಇಲ್ಲಿ ಇನ್ನೊಂದು ಸಲ ಕಟ್ಟಿ ಹ್ಯಾಶ್ ತಾಳೆ ನೋಡುವುದು. ಅದಾದ ಮೇಲೆ ಡಿಸ್ಟ್ರೊವಾಚ್ ಪಟ್ಟಿಗೆ ಅರ್ಜಿ ಹಾಕುತ್ತೇವೆ.