ಆಜಾದರ ಕೈಯ ಕೋಲ್ಟ್

ಚಂದ್ರಶೇಖರ ಆಜಾದರ ಬಗೆಗಿನ ಧಾರಾವಾಹಿ ನೋಡುವಾಗ ಕಣ್ಣು ಮೊದಲು ಹೋಗುವುದು ಪಿಸ್ತೂಲಿನ ಮೇಲೆ. ಅಲಹಾಬಾದ್ ಮ್ಯೂಸಿಯಂನಲ್ಲಿರುವ ಅವರ ಕೋಲ್ಟ್ 1903ರ ಮಾದರಿ, .32 ಬೋರಿನದು. ಅದರ ಹ್ಯಾಮರ್, ಅಂದರೆ ಗುಂಡು ಹಾರಿಸಲು ಬಡಿಯುವ ಭಾಗ, ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಒಳಗೇ ಅಡಗಿರುತ್ತದೆ. ಹೆಬ್ಬೆರಳಿನಿಂದ ಟಕ್ ಎಂದು ಹಿಂದೆಳೆಯುವ ದೃಶ್ಯ ಹಾಕಿದರೆ ಅದು ತಪ್ಪೇ. ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟಾಗಲೇ ಮೊದಲ ಗುಂಡು ಏರುವುದು. ಗುಂಡು ತುಂಬುವ ಮ್ಯಾಗಜಿನ್‌ಗೆ ಎಂಟೇ ಗುಂಡು, ಬದಲಿಸಲು ಒಂದೆರಡು ಕ್ಷಣ ಬೇಕು. ತೆರೆಯ ಮೇಲೆ ಒಂದೇ ಸಮನೆ ಇಪ್ಪತ್ತು ಹಾರಿಸಿದರೆ 1931ರ ಫೆಬ್ರವರಿ 27ರ ಆ ಬೆಳಗಿನ ಇಕ್ಕಟ್ಟೇ ಮಾಯ. ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನ ಮರದ ಮರೆಯಲ್ಲಿ, ಸಂಗಾತಿ ಸುಖದೇವ್‌ರಾಜ್ ಪಾರಾಗಲಿ ಎಂದು ಪೊಲೀಸರೆದುರು ಒಬ್ಬರೇ ನಿಂತು ಕಾದಿದರಲ್ಲ, ಆಗ ಅವರಿಗೆ ಬರೀ 24 ವರ್ಷ. ಆ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಬೇಡ, ಒಂದೊಂದು ಗುಂಡೂ ಕೇಳಿಸಲಿ.