ಗಟ್ಟಿಮೇಳಕ್ಕೆ ಒಗ್ಗದ ಸ್ಯಾಕ್ಸೋಫೋನ್

ನಮ್ಮ ಕಡೆ ಸ್ಯಾಕ್ಸೋಫೋನ್ ಅಂದರೆ ಮದುವೆ ಮನೆ. ಶಿವಮೊಗ್ಗದಿಂದ ತೀರ್ಥಹಳ್ಳಿವರೆಗಿನ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ವೇದಿಕೆ ಬದಿಗೆ ಜಮಖಾನ ಹಾಸಿಕೊಂಡು, ಡೋಲಿನವರನ್ನು ಪಕ್ಕಕ್ಕಿಟ್ಟುಕೊಂಡು, ಆ ಹಿತ್ತಾಳೆ ವಾದ್ಯ ಹಿಡಿದವರೊಬ್ಬರು ಕೂತೇ ಇರುತ್ತಾರೆ. ನಾದಸ್ವರದ ಜಾಗಕ್ಕೆ ಅದು ಬಂದು ಕಾಲವಾಯಿತು. ಅದರ ಪುಣ್ಯ ಬಹುಪಾಲು ಕದ್ರಿ ಗೋಪಾಲನಾಥರದು. ನಾದಸ್ವರದವರ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿಬಿಟ್ಟರು. 2019ರಲ್ಲಿ ಅವರು ಹೋದಾಗ ನಮ್ಮ ಅಂಗಡಿಯಲ್ಲಿ ಇಡೀ ದಿನ ಅವರದೇ ಕ್ಯಾಸೆಟ್ಟು.

ಅಂಗಡಿ ಅಂದರೆ ಪ್ರಿಂಟಿಂಗ್ ಪ್ರೆಸ್. ದುರ್ಗಿಗುಡಿಯಲ್ಲಿ ಅಪ್ಪ ಶುರು ಮಾಡಿದ್ದು. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ನಡುನಡುವೆ ಅಡಿಕೆ ಮಂಡಿಯವರ ಬಿಲ್ ಬುಕ್ಕು. ಚೈತ್ರ, ವೈಶಾಖದಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಆಷಾಢ ಬಂತೋ, ಮದುವೆಯೂ ಇಲ್ಲ, ಪತ್ರಿಕೆಯೂ ಇಲ್ಲ. ಮಳೆ ಹಿಡಿದು ಕೂತರೆ ಗಿರಾಕಿಯೂ ಇಲ್ಲ. ನಾನು ಜಾಸ್ ಕೇಳುವುದು ಆವಾಗ. ಹೆಚ್ಚಾಗಿ ಹ್ಯಾಂಕ್ ಮೋಬ್ಲಿ ಎಂಬ ಅಮೆರಿಕದ ಸ್ಯಾಕ್ಸೋಫೋನ್ ವಾದಕನನ್ನು.

ಮೋಬ್ಲಿಯ ಹೆಸರು ಜಾಸ್ ಕೇಳುವವರಲ್ಲೂ ಮೊದಲಿಗೆ ಬರುವುದಿಲ್ಲ. ಟೆನರ್ ಸ್ಯಾಕ್ಸೋಫೋನ್ ಅಂದರೆ ಕೋಲ್ಟ್ರೇನ್ ಅನ್ನುತ್ತಾರೆ, ಸಾನಿ ರಾಲಿನ್ಸ್ ಅನ್ನುತ್ತಾರೆ. (ಗೋಪಾಲನಾಥರದು ಆಲ್ಟೋ, ಟೆನರ್ ಅದಕ್ಕಿಂತ ದೊಡ್ಡದು, ದನಿ ಕೆಳಗೆ.) ಲೆನರ್ಡ್ ಫೆದರ್ ಎಂಬ ವಿಮರ್ಶಕ ಮೋಬ್ಲಿಯನ್ನು ಟೆನರ್ ಸ್ಯಾಕ್ಸೋಫೋನಿನ ಮಿಡಲ್‌ವೇಟ್ ಚಾಂಪಿಯನ್ ಎಂದು ಕರೆದ. ಹೊಗಳಿಕೆಯೇ ಅದು, ಕೋಲ್ಟ್ರೇನ್‌ನಷ್ಟು ಭಾರವೂ ಅಲ್ಲ, ಸ್ಟಾನ್ ಗೆಟ್ಸ್‌ನಷ್ಟು ಹಗುರವೂ ಅಲ್ಲ ಎನ್ನುವ ಅರ್ಥದಲ್ಲಿ. ಆದರೆ ಓದಿದವರ ತಲೆಯಲ್ಲಿ ಉಳಿದದ್ದು ‘ಮಧ್ಯಮ’ ಅನ್ನುವುದು ಮಾತ್ರ. ಪರೀಕ್ಷೆಯಲ್ಲಿ ಸೆಕೆಂಡ್ ಕ್ಲಾಸ್ ಬಂದ ಹುಡುಗನ ಹಾಗೆ ಅವನನ್ನು ನೋಡಿದರು. ನನಗೆ ಇದರ ಬಗ್ಗೆ ತಕರಾರಿದೆ.

1930ರಲ್ಲಿ ಜಾರ್ಜಿಯಾದ ಈಸ್ಟ್‌ಮನ್ ಎಂಬಲ್ಲಿ ಹುಟ್ಟಿ, ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ ಬೆಳೆದವನು. ಹದಿನಾರನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮನೆಯಲ್ಲೇ ಕೂರಬೇಕಾಯಿತು. ಹುಡುಗನಿಗೆ ಹೊತ್ತು ಹೋಗಲಿ ಎಂದು ಅಜ್ಜಿ ಸ್ಯಾಕ್ಸೋಫೋನ್ ಕೊಡಿಸಿದಳು. ಸಂಗೀತ ಶಾಲೆಯಲ್ಲಿ ಸೀಟು ಸಿಗಲಿಲ್ಲ, ಪುಸ್ತಕ ತಂದುಕೊಂಡು ಮನೆಯಲ್ಲೇ ಕಲಿತ. ಅವನ ಮನೆಯ ಹಿರಿಯನೊಬ್ಬ ಒಂದು ಬುದ್ಧಿಮಾತು ಹೇಳಿದ್ದನಂತೆ: ಜೊತೆಗಿರುವವನು ಜೋರಾಗಿ ನುಡಿಸಿದರೆ ನೀನು ಮೆಲ್ಲಗೆ ನುಡಿಸು, ಅವನು ಓಡಿದರೆ ನೀನು ನಿಧಾನ ಹೋಗು, ಅವನದನ್ನೇ ನೀನೂ ಮಾಡಲು ಹೋದರೆ ಕೆಟ್ಟೆ. ಮುಂದೆ ಎಷ್ಟೋ ವರ್ಷದ ಮೇಲೆ ಸಂದರ್ಶನದಲ್ಲಿ ಮೋಬ್ಲಿಯೇ ಇದನ್ನು ನೆನೆಸಿಕೊಂಡಿದ್ದಾನೆ. ಅವನ ರೆಕಾರ್ಡುಗಳಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಸಿಕ್ಕಿಲ್ಲ.

ಯಾಕೆಂದರೆ ಅವನ ಪಕ್ಕ ಇದ್ದವರೆಲ್ಲ ಜೋರಿನವರೇ. ಐವತ್ತರ ದಶಕದ ನಡುವಿಗೆ ಬೀಬಾಪ್ ಎಂಬ ಕಡುವೇಗದ ಜಾಸ್‌ಗೆ ಬ್ಲೂಸ್ ಮತ್ತು ಚರ್ಚಿನ ಹಾಡಿನ ಮಣ್ಣು ಮೆತ್ತಿ ಹಾರ್ಡ್ ಬಾಪ್ ಎಂಬುದೊಂದು ಎದ್ದಿತಲ್ಲ, ಅದರ ಹುಟ್ಟುಮನೆಯಲ್ಲೇ ಮೋಬ್ಲಿ ಇದ್ದ. ಪಿಯಾನೋದ ಹೊರೇಸ್ ಸಿಲ್ವರ್, ಡ್ರಮ್ಮಿನ ಆರ್ಟ್ ಬ್ಲೇಕಿ ಕಟ್ಟಿದ ಜಾಸ್ ಮೆಸೆಂಜರ್ಸ್‌ನ ಮೊದಲ ತಂಡದಲ್ಲಿ ಟೆನರ್ ಅವನದು. 1955ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕೆಫೆ ಬೊಹೀಮಿಯಾದಲ್ಲಿ ಅವರು ನುಡಿಸಿದ್ದು ರೆಕಾರ್ಡಾಗಿದೆ. ಬ್ಲೇಕಿ ಡ್ರಮ್ಮಿಗೆ ಕೂತರೆ ಗಟ್ಟಿಮೇಳಕ್ಕೆ ಇನ್ನೊಬ್ಬರು ಬೇಡ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿದರೆ ನಮ್ಮ ಸ್ಯಾಕ್ಸೋಫೋನಿನವರು ಶ್ವಾಸ ತುಂಬಿ ಎತ್ತರದ ಷಡ್ಜಕ್ಕೆ ಹಾರುತ್ತಾರೆ. ಮೋಬ್ಲಿಯನ್ನು ಅಲ್ಲಿ ಕೂರಿಸಿದ್ದರೆ ಮದುವೆ ಮುರಿದುಬೀಳುತ್ತಿತ್ತು. ಬ್ಲೇಕಿ ಹಿಂದೆ ಗುಡುಗಿದಷ್ಟೂ ಇವನು ತನ್ನ ನಡುದನಿಯಲ್ಲೇ ಮಾತಾಡುತ್ತಾನೆ. ತನ್ನ ನಾದದ ಬಗ್ಗೆ ಅವನೇ ಹೇಳಿದ್ದು: ದೊಡ್ಡದಲ್ಲ, ಚಿಕ್ಕದಲ್ಲ, ಗುಂಡಗಿನದು.

‘ಸೋಲ್ ಸ್ಟೇಷನ್’ ರೆಕಾರ್ಡಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 1960ರ ಫೆಬ್ರವರಿ 7, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿರುವ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋ. ವ್ಯಾನ್ ಗೆಲ್ಡರ್ ಮೊದಲು ಹಗಲು ಕಣ್ಣು ಪರೀಕ್ಷೆ ಮಾಡುತ್ತಿದ್ದವನು, ಅಪ್ಪ ಅಮ್ಮನ ಮನೆಯ ಹಜಾರದಲ್ಲೇ ಮೈಕು ನಿಲ್ಲಿಸಿ ರೆಕಾರ್ಡಿಂಗ್ ಮಾಡಿ ಹೆಸರಾಗಿ, ಆಮೇಲೆ ಈ ಸ್ಟುಡಿಯೋ ಕಟ್ಟಿಸಿದ. ಪಿಯಾನೋಗೆ ವಿಂಟನ್ ಕೆಲಿ, ಬಾಸ್‌ಗೆ ಪಾಲ್ ಚೇಂಬರ್ಸ್, ಇಬ್ಬರೂ ಆಗ ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ತಂಡದವರು. ಡ್ರಮ್ಸ್ ಬ್ಲೇಕಿ. ಟ್ರಂಪೆಟ್ ಇಲ್ಲ, ಟ್ರಾಂಬೋನ್ ಇಲ್ಲ. ಊದುವವನು ಮೋಬ್ಲಿ ಒಬ್ಬನೇ, ಆರು ಹಾಡಿಗೂ.

ಮೊದಲನೆಯದು ‘ರಿಮೆಂಬರ್’. 1925ರಲ್ಲಿ ಅರ್ವಿಂಗ್ ಬರ್ಲಿನ್ ಬರೆದ ಹಾಡು, ಮೂಲದಲ್ಲಿ ವಾಲ್ಟ್ಸ್, ಅಂದರೆ ಮೂರು ಎಣಿಕೆಯದು. ನೆನಪಿಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟವರು ಮರೆತರು ಅನ್ನುವ ಅಳುಮುಖದ ಹಾಡು. ಮೋಬ್ಲಿ ಇದನ್ನು ನಾಲ್ಕು ಎಣಿಕೆಗೆ ಕೂರಿಸಿದ್ದಾನೆ. ಹಳೆಯ ಹಾಡುಗಾರರು ಹಾಡಿದ್ದನ್ನು ಒಮ್ಮೆ ಕೇಳಿ ತಕ್ಷಣ ಇದನ್ನು ಹಾಕಿದರೆ ತಿಶ್ರದಲ್ಲಿದ್ದದ್ದು ಚತುರಶ್ರಕ್ಕೆ ಹೊರಳಿದ್ದು ತೊಡೆ ತಟ್ಟುವ ಕೈಗೇ ಗೊತ್ತಾಗುತ್ತದೆ. ಹೊರಳಿದ ಮೇಲೆ ಅಳುವಿಗೆ ಜಾಗ ಉಳಿದಿಲ್ಲ. ಮರೆತವರನ್ನು ಪೇಟೆಯಲ್ಲಿ ಎದುರಾದಾಗ ‘ಏನು ಮಾರಾಯ, ಗುರುತು ಸಿಕ್ತಾ?’ ಎಂದು ಕೇಳುವ ದನಿಯಿದೆ.

ನನ್ನ ಗೆಳೆಯನೊಬ್ಬ ಮದ್ದಲೆಗಾರ. ಹೊಸನಗರ ಕಡೆಯವನು. ಮಳೆಗಾಲದಲ್ಲಿ ಮೇಳದ ತಿರುಗಾಟ ಇಲ್ಲವಲ್ಲ, ತಾಳಮದ್ದಳೆಗೆಂದು ಶಿವಮೊಗ್ಗಕ್ಕೆ ಬಂದರೆ ಪ್ರೆಸ್ಸಿನಲ್ಲೇ ಮಲಗುತ್ತಾನೆ. ಜಾಸ್ ಎಂದರೆ ಅವನಿಗೆ ಕಿರಿಕಿರಿ, ‘ಎಲ್ಲರೂ ಒಟ್ಟಿಗೆ ಜಗಳಾಡಿದ ಹಾಗೆ’ ಅನ್ನುತ್ತಾನೆ. ಒಂದು ರಾತ್ರಿ ನಾನು ‘ಡಿಗ್ ಡಿಸ್’ ಹಾಕಿದೆ. ಅದು ಬ್ಲೂಸ್. ಹನ್ನೆರಡು ಬಾರ್, ಬಾರಿಗೆ ನಾಲ್ಕು ಎಣಿಕೆ, ಒಟ್ಟು 48 ಅಕ್ಷರದ ಆವರ್ತ ಅಂದುಕೊಳ್ಳಿ. ಅದೇ ಸುತ್ತು ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಊದುವವನು ತನಗೆ ತೋಚಿದ್ದು ಕಟ್ಟುತ್ತಾನೆ. ಇಷ್ಟು ಹೇಳಿದ್ದೇ ತಡ, ಗೆಳೆಯ ಗೋಡೆಗೆ ಒರಗಿ ಕೂತು ಬೆರಳೆಣಿಸತೊಡಗಿದ. ಮೋಬ್ಲಿಯ ಎರಡು ಸುತ್ತು ಆಗಿರಬೇಕು, ‘ಇವನು ಸಮದ ಮೇಲೆ ಬೀಳುವುದೇ ಇಲ್ಲವಲ್ಲ!’ ಅಂದ.

ಸಮ ಅಂದರೆ ಸುತ್ತಿನ ಮೊದಲ ಎಣಿಕೆ. ಅದೇ ಸಂಗತಿ. ಮೋಬ್ಲಿಯ ಎತ್ತುಗಡೆ ಎಲ್ಲಿಂದ ಎಂದು ಹೇಳಲು ಬರುವುದಿಲ್ಲ. ಸುತ್ತು ಮುಗಿಯುವ ಮೊದಲೇ ಒಂದು ಮಾತು ಶುರು ಮಾಡಿ, ಗೆರೆ ದಾಟಿಸಿ, ಆಚೆ ಸುತ್ತಿನ ಎರಡನೆಯದೋ ಮೂರನೆಯದೋ ಬಾರಿನಲ್ಲಿ ಮುಗಿಸುತ್ತಾನೆ. ಕೆಲವು ಸ್ವರ ಎಣಿಕೆಗಿಂತ ಕೂದಲೆಳೆಯಷ್ಟು ಹಿಂದೆ ಬರುತ್ತವೆ, ಆದರೂ ಎಳೆದಾಡಿದ ಹಾಗೆ ಇರುವುದಿಲ್ಲ. ಬ್ಲೇಕಿ ಎಡಗಾಲಿನಲ್ಲಿ ತುಳಿಯುವ ಜೋಡಿ ತಾಳ, ಅಂದರೆ ಹೈ-ಹ್ಯಾಟಿನಲ್ಲಿ ಎರಡು, ನಾಲ್ಕು, ಎರಡು, ನಾಲ್ಕು ಎಂದು ಕಚ್ಚಿಹಿಡಿದಿರುತ್ತಾನೆ, ಚೇಂಬರ್ಸ್ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿರುತ್ತಾನೆ; ಇಬ್ಬರೂ ಅಷ್ಟು ಗಟ್ಟಿಯಾಗಿ ನಿಂತದ್ದಕ್ಕೇ ಇವನಿಗೆ ಆಚೀಚೆ ವಾಲುವ ಧೈರ್ಯ.

ಎರಡನೆಯ ಹಾಡು ‘ದಿಸ್ ಐ ಡಿಗ್ ಆಫ್ ಯು’ ಅವನದೇ ರಚನೆ. ಇಲ್ಲಿ ಮೊದಲ ಸೋಲೋ, ಅಂದರೆ ಒಬ್ಬನೇ ಮುಂದೆ ಬಂದು ನುಡಿಸುವ ಸರದಿ, ಅವನು ತೆಗೆದುಕೊಳ್ಳುವುದಿಲ್ಲ! ಸ್ವಂತ ರೆಕಾರ್ಡು, ಸ್ವಂತ ಹಾಡು, ಆದರೂ ‘ನೀನು ಮೊದಲು’ ಎಂದು ಕೆಲಿಗೆ ಬಿಟ್ಟಿದ್ದಾನೆ. ಕೆಲಿ ಸಿಕ್ಕಿದ್ದೇ ಛಾನ್ಸು ಅಂತ ಮಿಂಚಿ ಹೋಗುತ್ತಾನೆ. ಆಮೇಲೆ ಬಂದವನು ಅದನ್ನು ಮೀರಿಸಲು ಹೋಗಬೇಕು, ಸಹಜ. ಮೋಬ್ಲಿ ಸಣ್ಣದೊಂದು ಎಳೆ ಹಿಡಿದು ಬರುತ್ತಾನೆ, ಅದನ್ನೇ ಕೊಂಚ ತಿರುಗಿಸಿ ಇನ್ನೊಮ್ಮೆ ಹೇಳುತ್ತಾನೆ, ಮತ್ತೆ ಉದ್ದ ಮಾಡುತ್ತಾನೆ. ನೋಡನೋಡುತ್ತ ಬ್ಲೇಕಿಯೇ ಹಿಂದೆ ಕೆರಳಿರುತ್ತಾನೆ. ಕೊನೆಗೆ ಡ್ರಮ್ಮಿನ ಸೋಲೋ, ಆಮೇಲೆ ಹಾಡು. ಈ ಒಂದನ್ನೇ ನಾನು ಬೇರೆ ಬೇರೆ ವರ್ಷ ಬೇರೆ ಬೇರೆ ಮಳೆಯಲ್ಲಿ ಕೇಳಿದ್ದೇನೆ, ಎಲ್ಲೂ ಒಂದು ಸ್ವರ ಹೆಚ್ಚಾಯಿತು ಅನ್ನಿಸಿಲ್ಲ.

‘ಸೋಲ್ ಸ್ಟೇಷನ್’ ರೆಕಾರ್ಡಿನ ಹೊದಿಕೆಯ ಬಗ್ಗೆ ಹೇಳದೆ ಮುಂದೆ ಹೋದರೆ ಕಸುಬಿಗೆ ದ್ರೋಹ. ಇದನ್ನು ಹೊರತಂದ ಬ್ಲೂ ನೋಟ್ ಕಂಪನಿಯ ಹೊದಿಕೆಗಳನ್ನು ಮಾಡುತ್ತಿದ್ದವನು ರೀಡ್ ಮೈಲ್ಸ್, ಫೋಟೋ ಫ್ರಾನ್ಸಿಸ್ ವುಲ್ಫ್‌ನದು. ಕಪ್ಪು-ಬಿಳಿ ಫೋಟೋ, ಅದರ ಮೇಲೊಂದೇ ಬಣ್ಣ, ಇಲ್ಲಿ ನೀಲಿ. ಉಳಿದದ್ದು ಅಕ್ಷರ ಮತ್ತು ಖಾಲಿ ಜಾಗ. ಎರಡು ಬಣ್ಣದಲ್ಲಿ ಮುಗಿಸಿದರೆ ಖರ್ಚು ಕಮ್ಮಿ ಎಂಬುದು ಪ್ರೆಸ್ಸಿನ ಯಾವ ಹುಡುಗನಿಗೂ ಗೊತ್ತು, ಆ ಕಮ್ಮಿ ಖರ್ಚಿನಲ್ಲಿ ಇಷ್ಟು ಮಾಡಬಹುದು ಎಂದು ಗೊತ್ತಿಲ್ಲ. ನಮ್ಮ ಗಿರಾಕಿಗಳು ಗಣಪತಿ, ಕಲಶ, ಬಾಳೆಕಂದು, ನವಿಲು, ಜೊತೆಗೆ ಚಿನ್ನದ ಫಾಯಿಲ್ಲು ಎಲ್ಲವನ್ನೂ ಒಂದೇ ಕಾಗದದಲ್ಲಿ ಕೇಳುತ್ತಾರೆ. ಖಾಲಿ ಜಾಗ ಬಿಟ್ಟರೆ ‘ಇಲ್ಲೇನೂ ಇಲ್ವಲ್ಲ, ಅತ್ತೆಯವರ ಹೆಸರು ಹಾಕಿ’ ಎಂಬ ಬೇಡಿಕೆ. ಇರಲಿ, ಅವರ ದುಡ್ಡಿನಿಂದಲೇ ಸ್ಪೀಕರ್ ಬಂದದ್ದು.

ಮೋಬ್ಲಿಯ ಮೇಲಿನ ದೊಡ್ಡ ದೂರು ಅವನ ಮುಂದಿನ ವರ್ಷದ್ದು. ಕೋಲ್ಟ್ರೇನ್ ಬಿಟ್ಟುಹೋದ ಜಾಗಕ್ಕೆ ಸ್ವಲ್ಪ ಕಾಲದ ಮೇಲೆ ಮೈಲ್ಸ್ ಡೇವಿಸ್ ತಂಡಕ್ಕೆ ಬಂದದ್ದು ಮೋಬ್ಲಿ. 1961ರ ಮಾರ್ಚ್ 20ರಂದು ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ರೆಕಾರ್ಡಿಂಗ್. ಆ ಹಾಡಿಗೆ ಕೋಲ್ಟ್ರೇನ್ ಅತಿಥಿಯಾಗಿ ಬಂದ. ಮೋಬ್ಲಿಯ ಸೋಲೋ ಮೊದಲು, ಕೋಲ್ಟ್ರೇನ್‌ನದು ಕೊನೆಯಲ್ಲಿ. ಕೋಲ್ಟ್ರೇನ್ ಬಂದೊಡನೆ ಕೋಣೆಯ ಗಾಳಿಯೇ ಬದಲಾಗುತ್ತದೆ, ಒಪ್ಪುತ್ತೇನೆ. ಆದರೆ ಜನ ಅಲ್ಲಿಗೇ ತೀರ್ಪು ಬರೆದುಬಿಟ್ಟರು. ಮೈಲ್ಸ್ ಕೂಡ ತನ್ನ ಆತ್ಮಕಥೆಯಲ್ಲಿ ಹ್ಯಾಂಕ್ ಜೊತೆ ನುಡಿಸುವುದು ಖುಷಿ ಕೊಡಲಿಲ್ಲ, ಕಲ್ಪನೆ ಕೆರಳಲಿಲ್ಲ ಎಂಬರ್ಥದ ಮಾತು ಬರೆದಿದ್ದಾನೆ. ಮೈಲ್ಸ್‌ಗೆ ತನ್ನ ಎದುರು ಹೊಯ್ದಾಡುವವನು ಬೇಕಿತ್ತು. ತಾನೇ ಕಮ್ಮಿ ಮಾತಿನವನಾದ್ದರಿಂದ ಇನ್ನೊಬ್ಬ ಕಮ್ಮಿ ಮಾತಿನವನು ಪಕ್ಕದಲ್ಲಿದ್ದರೆ ನಡೆಯುತ್ತಿರಲಿಲ್ಲ ಎಂದು ನನ್ನ ಊಹೆ.

ಈಗ ತಾರೀಖು ನೋಡಿ. ಕೋಲ್ಟ್ರೇನ್ ಪಕ್ಕ ನಿಂತು ಆರು ದಿನವಾಗಿತ್ತು ಅಷ್ಟೇ, ಮಾರ್ಚ್ 26ಕ್ಕೆ ಮೋಬ್ಲಿ ವ್ಯಾನ್ ಗೆಲ್ಡರ್ ಸ್ಟುಡಿಯೋಗೆ ಹೋಗಿ ‘ವರ್ಕೌಟ್’ ಮಾಡಿದ. ಅದೇ ಕೆಲಿ, ಅದೇ ಚೇಂಬರ್ಸ್, ಡ್ರಮ್ಸ್‌ಗೆ ಫಿಲಿ ಜೋ ಜೋನ್ಸ್, ಗಿಟಾರಿಗೆ ಗ್ರಾಂಟ್ ಗ್ರೀನ್. ಸೋತು ಮನೆಗೆ ಬಂದವನ ರೆಕಾರ್ಡು ಹೀಗಿರುವುದಿಲ್ಲ. ಶೀರ್ಷಿಕೆ ಹಾಡಿನಲ್ಲಿ ಅವನಿಗೂ ಫಿಲಿ ಜೋಗೂ ನಡೆಯುವ ಮಾತುಕತೆ ಕೇಳಿದವರು ಯಾರೂ ಮಿಡಲ್‌ವೇಟ್ ಎಂಬ ಪದ ಬಾಯಲ್ಲಿ ತರಬಾರದು. ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಲ್ಯಾಕ್‌ಹಾಕ್ ಕ್ಲಬ್ಬಿನಲ್ಲಿ ಮೈಲ್ಸ್ ತಂಡ ನುಡಿಸಿದ್ದೂ ಸಿಗುತ್ತದೆ, ಎರಡು ರಾತ್ರಿಯದು. ಅಲ್ಲಿ ಅವನು ಕೆಲವು ಕಡೆ ಮುದುಡಿದ್ದಾನೆ, ಕೆಲವು ಕಡೆ ಹೂವಾಗಿದ್ದಾನೆ.

ಆಮೇಲಿನದನ್ನು ಬೇಗ ಹೇಳುತ್ತೇನೆ, ಅದು ಸಂತೋಷದ ಕಥೆಯಲ್ಲ. ಮಾದಕ ವಸ್ತುವಿನ ಚಟ, ಜೈಲು. ನಡುವೆ 1965ರ ‘ಡಿಪ್ಪಿನ್’, ಟ್ರಂಪೆಟ್ಟಿನ ಲೀ ಮಾರ್ಗನ್ ಜೊತೆ. ಅದರ ‘ರೆಕಾಡೊ ಬೋಸಾ ನೋವಾ’ ಎಂಥ ಜಡನನ್ನೂ ಕುಣಿಸುತ್ತದೆ, ಬಿಲ್ಲಿ ಹಿಗಿನ್ಸ್‌ನ ಡ್ರಮ್ಮೇ ಅಂಥದ್ದು. ಅರವತ್ತರ ದಶಕದ ನಡುವಿಗೆ ಅವನ ನಾದ ಕೊಂಚ ಗಡುಸಾಯಿತು. ನನಗೆ 1960-61ರ ನಾದವೇ ಇಷ್ಟ, ಶಾಯಿ ಒಂದೇ ಸಮ ಕೂತ ಅಚ್ಚಿನ ಹಾಗಿದೆ ಅದು. ಬ್ಲೂ ನೋಟ್‌ಗೆ ಅವನ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರೆಕಾರ್ಡು ಆದವು, ಅವುಗಳಲ್ಲಿ ಎಷ್ಟನ್ನೋ ಕಂಪನಿ ಕಪಾಟಿನಲ್ಲಿಟ್ಟು ಮರೆತಿತ್ತು. 1966ರಲ್ಲಿ ಮಾಡಿದ ‘ಎ ಸ್ಲೈಸ್ ಆಫ್ ದಿ ಟಾಪ್’ ಹೊರಬಂದದ್ದು 1979ಕ್ಕೆ. 1961ರ ಡಿಸೆಂಬರಿನಲ್ಲಿ ನುಡಿಸಿದ್ದ ‘ಅನದರ್ ವರ್ಕೌಟ್’ ಅಂತೂ 1985ಕ್ಕೆ. ಎಪ್ಪತ್ತರ ದಶಕದಲ್ಲಿ ಶ್ವಾಸಕೋಶ ಕೈಕೊಟ್ಟು ಊದುವುದೇ ನಿಂತುಹೋಯಿತು. 1986ರ ಮೇ 30ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡ, ಐವತ್ತೈದು ವರ್ಷ.

ಆ ‘ಅನದರ್ ವರ್ಕೌಟ್’ ಇದೆಯಲ್ಲ, ಅದನ್ನು ಯಾಕೆ ಬಿಡುಗಡೆ ಮಾಡಲಿಲ್ಲವೋ ನನಗೆ ಅರ್ಥವಾಗಿಲ್ಲ. ‘ವರ್ಕೌಟ್’ಗಿಂತ ಒಂದು ತೂಕ ಹೆಚ್ಚೇ. ಗಿಟಾರ್ ಇಲ್ಲ, ನಾಲ್ವರೇ ಇದ್ದಾರೆ, ಉಸಿರಾಡಲು ಜಾಗ ಇದೆ. ಹೊಸದಾಗಿ ಕೇಳುವವರು ‘ಸೋಲ್ ಸ್ಟೇಷನ್’ ಮುಗಿಸಿ ನೇರ ಇದಕ್ಕೆ ಬನ್ನಿ, ಆಮೇಲೆ ಬೇಕಾದರೆ ‘ರೋಲ್ ಕಾಲ್’. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಚೇಂಬರ್ಸ್ ಕಾಣೆಯಾಗುತ್ತಾನೆ, ಅವನಿಲ್ಲದಿದ್ದರೆ ಮೋಬ್ಲಿ ಯಾವುದರಿಂದ ಹಿಂದೆ ಸರಿಯುತ್ತಿದ್ದಾನೆ ಎಂದೇ ತಿಳಿಯುವುದಿಲ್ಲ. ಮದ್ದಲೆಗಾರ ಗೆಳೆಯ ‘ಡಿಗ್ ಡಿಸ್’ ಒಂದನ್ನೇ ಫೋನಿಗೆ ಹಾಕಿಸಿಕೊಂಡು ಹೋದ. ಉಳಿದವು ಯಾಕೆ ಬೇಡ ಎಂದರೆ ಪಿಯಾನೋದವನು ವಾಚಾಳಿ ಅನ್ನುತ್ತಾನೆ. ವಿಂಟನ್ ಕೆಲಿಗೆ ಹಾಗೆ ಅಂದವನನ್ನು ಇನ್ನೊಂದು ಆಷಾಢ ಪ್ರೆಸ್ಸಿನಲ್ಲಿ ಮಲಗಿಸಿಕೊಂಡೇ ಸರಿಮಾಡಬೇಕು.